ವಿಜಯಪುರದ ಬೇಸಿಗೆ: ಲೆಕ್ಕ ಮಧ್ಯಾಹ್ನದ್ದು, ಪೆಟ್ಟು ರಾತ್ರಿಯದು

ಏಪ್ರಿಲ್ ನಡುವಿನ ಒಂದು ಮಧ್ಯಾಹ್ನ ವಿಜಯಪುರದಲ್ಲಿ 41 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ತೇವಾಂಶ ಶೇ 20 ಇದೆ ಅಂದುಕೊಳ್ಳಿ. ಇನ್ನೊಂದು, ಜೂನ್ ಎರಡನೇ ವಾರದ ಮಧ್ಯಾಹ್ನ: ಮಳೆ ಒಂದೆರಡು ಸಲ ಮುಖ ತೋರಿಸಿ ಕೈಕೊಟ್ಟಿದೆ, ಉಷ್ಣಾಂಶ 34 ಡಿಗ್ರಿ, ತೇವಾಂಶ ಶೇ 65. ಪತ್ರಿಕೆಯ ಮುಖಪುಟಕ್ಕೆ ಬರುವುದು ಮೊದಲನೆಯ ದಿನ. ನೆರಳಿನಲ್ಲಿ ಕುಳಿತ ಮೈಗೆ ಭಾರವಾಗುವುದು ಎರಡನೆಯ ದಿನ.

ಯಾಕೆಂದು ತಿಳಿಯಲು ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಹರವಿಯನ್ನು ನೋಡಿದರೆ ಸಾಕು. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಬೇಗ ಏಳುತ್ತದೆ, ನೀರು ತಂಪಾಗುತ್ತದೆ. ಹೀಗೆ ತಂಪಾಗಿ ನೀರು ಇಳಿಯಬಹುದಾದ ತಳಮಟ್ಟಕ್ಕೆ ಹವಾಮಾನ ಶಾಸ್ತ್ರದವರು ಆರ್ದ್ರ ಬಲ್ಬ್ ಉಷ್ಣಾಂಶ ಎನ್ನುತ್ತಾರೆ. ಮೇಲಿನ ಏಪ್ರಿಲ್ ದಿನಕ್ಕೆ ಅದು ಸುಮಾರು 23, ಜೂನ್ ದಿನಕ್ಕೆ 28ರ ಮೇಲೆ. ಅದಕ್ಕೇ ಹರವಿಯ ನೀರು ಏಪ್ರಿಲ್‌ನಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಂಪು, ಜೂನ್‌ನಲ್ಲಿ ಸಪ್ಪೆ. ಮನುಷ್ಯನ ಮೈಯೂ ನಡೆದಾಡುವ ಒಂದು ಹರವಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿ ಹೊರಗೆ ಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ, ನೀರು-ಉಪ್ಪು ಮಾತ್ರ ನಷ್ಟ.

ಒಣ ಬಿಸಿಲು ಸುರಕ್ಷಿತ ಎಂದು ಇದರ ಅರ್ಥವಲ್ಲ. ಅದರ ಅಪಾಯದ ಬಗೆ ಬೇರೆ. ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬುದೇ ಗೊತ್ತಾಗುವುದಿಲ್ಲ. ಬಿಸಿಲಲ್ಲಿ ಮೂಟೆ ಹೊರುವವರ ಮೈಯಿಂದ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಹೋಗಬಹುದು, ಅಂಗಿ ಮಾತ್ರ ಒಣಗಿರುತ್ತದೆ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಕರಾವಳಿಯ ಊರಿಗೆ ಬರೆದ ಸಲಹೆಯನ್ನು ವಿಜಯಪುರಕ್ಕೆ ಹಾಗೇ ತಂದರೆ ಎಡವುವುದು ಇಲ್ಲೇ.

ಘೋಷಣೆಯಾಗದ ಬಿಸಿಗಾಳಿ

ಭಾರತೀಯ ಹವಾಮಾನ ಇಲಾಖೆಯ ನಿಯಮದಂತೆ ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನಲು ಗರಿಷ್ಠ ಉಷ್ಣಾಂಶ 40 ಮುಟ್ಟಬೇಕು, ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು. ಇಲ್ಲವಾದರೆ ನೇರವಾಗಿ 45 ಮುಟ್ಟಬೇಕು. ಅದೂ ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ವಿಜಯಪುರ ಇರುವುದು ಉತ್ತರ ಒಳನಾಡು ಕರ್ನಾಟಕ ಉಪವಿಭಾಗದಲ್ಲಿ. ಇಲ್ಲಿ ಮೇ ತಿಂಗಳ ವಾಡಿಕೆಯೇ 39-40ರ ಆಸುಪಾಸು. ಅಂದರೆ 44 ದಾಟುವವರೆಗೆ ಅಧಿಕೃತವಾಗಿ ಬಿಸಿಗಾಳಿ ಇಲ್ಲ. ಎರಡು ವಾರ ಒಂದೇ ಸಮನೆ 42 ಡಿಗ್ರಿ ಸುಟ್ಟರೂ ನಿಯಮದ ಕಣ್ಣಿಗೆ ಅದು ‘ಬೇಸಿಗೆ’ ಅಷ್ಟೇ.

‘ಬೆಚ್ಚನೆಯ ರಾತ್ರಿ’ ಎಂಬ ಎಚ್ಚರಿಕೆಯೂ ಇದೆ. ಅದನ್ನು ಕೊಡುವುದು ಹಗಲಿನ ಗರಿಷ್ಠ 40 ಅಥವಾ ಅದಕ್ಕೂ ಮೇಲಿದ್ದು, ರಾತ್ರಿಯ ಕನಿಷ್ಠ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದಾಗ. ಜೂನ್‌ನ ಬೇಯುವ ರಾತ್ರಿಗಳು, ಹಗಲು 36 ಇದ್ದ ಒಂದೇ ಕಾರಣಕ್ಕೆ, ಈ ಪಟ್ಟಿಯಿಂದ ಹೊರಗೆ ಉಳಿಯುತ್ತವೆ. ನಿಯಮ ತಪ್ಪೆಂದಲ್ಲ. ಅದು ಹವೆಯ ಅಸಹಜತೆಯನ್ನು ಅಳೆಯಲು ಮಾಡಿದ್ದು, ಊರಿನವರ ಮೈಯ ಮೇಲಿನ ಹೊರೆ ಅಳೆಯಲು ಅಲ್ಲ. ಎರಡೂ ಒಂದೇ ಎಂದು ಆಡಳಿತ ಭಾವಿಸಿದಾಗ ತೊಂದರೆ.

ಗುಜರಾತಿನ ಅಹಮದಾಬಾದ್ ಈ ಗೊಂದಲದಿಂದ ಹೊರಬಂದ ಮೊದಲ ಊರು. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ದಾಖಲಾಯಿತು. ಆ ತಿಂಗಳ ಸಾವುಗಳನ್ನು ಬೇರೆ ವರ್ಷಗಳ ಮೇ ಜೊತೆ ಹೋಲಿಸಿ ನೋಡಿದಾಗ 1,344 ಸಾವು ಹೆಚ್ಚು ಕಂಡವು. ಅದರಲ್ಲಿ ‘ಬಿಸಿಲಿನ ಹೊಡೆತ’ ಎಂದು ಬರೆಸಿಕೊಂಡವು ತೀರಾ ಸ್ವಲ್ಪ. 2013ರಲ್ಲಿ ಆ ನಗರ ತನ್ನದೇ ಸಾವಿನ ಲೆಕ್ಕದಿಂದ ತನ್ನದೇ ಎಚ್ಚರಿಕೆ ಮಟ್ಟಗಳನ್ನು ಕಟ್ಟಿಕೊಂಡಿತು. ನಮ್ಮಲ್ಲಿ ಯೋಜನೆ ಎಂದರೆ ಜಿಲ್ಲೆ ಜಿಲ್ಲೆಗೂ ಒಂದೇ ಪೋಸ್ಟರ್.

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. 2025ರ ಏಪ್ರಿಲ್-ಮೇ ತಿಂಗಳಿಗೆ ಕಲಬುರಗಿ ವಿಭಾಗದ ಏಳು ಜಿಲ್ಲೆಗಳ ಜೊತೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಯಿತು. ಒಳ್ಳೆಯದೇ. ಆದರೆ ಬಿಸಿಲಿನ ತುತ್ತತುದಿ ಇರುವುದು ಎರಡೂವರೆಯಿಂದ ನಾಲ್ಕರ ನಡುವೆ. ಒಂದೂವರೆಗೆ ಬೈಕ್ ಹತ್ತಿದವರು ಅದರ ಬಾಯಿಗೇ ಹೋಗುತ್ತಾರೆ. ಎಪಿಎಂಸಿಯ ಹಮಾಲರು, ಗಾಂಧಿ ಚೌಕದ ತಳ್ಳುಗಾಡಿಯವರು, ಟಂಟಂ ಓಡಿಸುವವರು, ಗಾರೆ ಕೆಲಸದವರು ಇವರ ಗಡಿಯಾರವನ್ನು ಯಾವ ಆದೇಶವೂ ಮುಟ್ಟಿಲ್ಲ.

ಸ್ಲ್ಯಾಬಿನ ಕೆಳಗಿನ ರಾತ್ರಿ

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು, ಒಣ ಗಾಳಿ, ಮೋಡವಿಲ್ಲದ ಆಕಾಶ. ಇಂಥ ಊರಿಗೆ ಪ್ರಕೃತಿ ಕೊಟ್ಟ ದೊಡ್ಡ ವರವೆಂದರೆ ರಾತ್ರಿ. ಹಗಲು ಕುಡಿದ ಬಿಸಿಯನ್ನು ನೆಲ ರಾತ್ರಿಯಿಡೀ ತೆರೆದ ಆಕಾಶಕ್ಕೆ ಉಗುಳುತ್ತದೆ. ಹಗಲು 41 ಇದ್ದರೂ ಬೆಳಗಿನ ಜಾವ 25ಕ್ಕೆ ಇಳಿಯುವುದು ಈ ಕಾರಣಕ್ಕೆ. ಮೈಗೂ ಆ ಇಳಿತ ಬೇಕು. ನಿದ್ದೆಯಲ್ಲಿ ಒಳಮೈಯ ಬಿಸಿ ಅರ್ಧದಿಂದ ಒಂದು ಡಿಗ್ರಿ ಇಳಿಯುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಇಳಿಯದಿದ್ದರೆ ಚರ್ಮಕ್ಕೆ ರಕ್ತ ನೂಕುವ ಕೆಲಸ ಹೃದಯಕ್ಕೆ ರಾತ್ರಿಯೂ ತಪ್ಪುವುದಿಲ್ಲ. ಮರುದಿನದ ಬಿಸಿಲು ಹಿಂದಿನ ದಿನದ ಸಾಲದ ಮೇಲೆ ಬೀಳುತ್ತದೆ. ವಯಸ್ಸಾದವರಲ್ಲಿ ಬಿಸಿಲಿನ ಸಾವುಗಳು ಮೂರನೇ, ನಾಲ್ಕನೇ ದಿನ ಏರುವುದು ಇದರಿಂದ.

ಈಗ ಮನೆಯೊಳಗೆ ಬನ್ನಿ. ಹವಾಮಾನ ಕೇಂದ್ರದ 25 ಡಿಗ್ರಿ ತೆರೆದ ನೆಲದ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆದದ್ದು. ನಾಲ್ಕು-ಐದು ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬಿನ ಹೊರಮೈ ಮಧ್ಯಾಹ್ನ ಕಾಯ್ದರೆ ಆ ಬಿಸಿ ಒಳಮೈಗೆ ತಲುಪಲು ಸುಮಾರು ಮೂರು ಗಂಟೆ. ಅಂದರೆ ಒಳಚಾವಣಿ ಅತಿ ಬಿಸಿಯಾಗುವುದು ಸಂಜೆ, ಕೆಲಸ ಮುಗಿಸಿ ಬಂದವರು ಕಾಲು ಚಾಚುವ ಹೊತ್ತಿಗೆ. ರಾತ್ರಿ ಹನ್ನೊಂದಾದರೂ ಅದು ಕಾದ ಹಂಚಿನಂತೆ ಮೈಮೇಲೆ ಬಿಸಿ ಸುರಿಯುತ್ತಲೇ ಇರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಮೈಗೆ ತಾಗುವ ಸೆಕೆಯಲ್ಲಿ ಸುಮಾರು ಅರ್ಧ ಗಾಳಿಯದ್ದು, ಇನ್ನರ್ಧ ಗೋಡೆ-ಚಾವಣಿ ಸೂಸುವ ಬಿಸಿಯದ್ದು. ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ 32 ತೋರಿಸುತ್ತಿದ್ದರೂ ಮೈಗೆ 35-36ರ ಅನುಭವ ಆಗುವುದು ಇದಕ್ಕೇ.

ಹಳೆಯ ಮಣ್ಣಿನ ಮಾಳಿಗೆ ಬೇರೆ ಲೆಕ್ಕದ್ದು. ಒಂದು ಅಡಿ ಮಣ್ಣು ಬಿಸಿಯನ್ನು ಎಂಟು-ಹತ್ತು ಗಂಟೆ ತಡೆಯುತ್ತದೆ. ಹಗಲಿಡೀ ಒಳಗೆ ತಂಪು, ರಾತ್ರಿ ಬಿಸಿ ಒಳಗಿಳಿಯುವ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಮನೆ ಮತ್ತು ಅದರಲ್ಲಿ ಬದುಕುವ ರೀತಿ ಸೇರಿ ಒಂದು ಯಂತ್ರವಾಗಿತ್ತು. ಆ ಮಾಳಿಗೆಗೆ ಮಳೆಗಾಲದ ಸೋರಿಕೆ ಇತ್ತು, ಪ್ರತಿ ವರ್ಷ ಮಣ್ಣು ಹಾಕುವ ಖರ್ಚು ಇತ್ತು, ಗೋಡೆ ಕುಸಿದು ಜನ ಸತ್ತದ್ದೂ ಇದೆ. ಹಾಗಾಗಿ ಜನ ಸ್ಲ್ಯಾಬ್ ಬಯಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಸ್ಲ್ಯಾಬಿನ ಮೇಲೆ ಇನ್ನೊಂದು ಅಂತಸ್ತು ಬಂತು, ಪಕ್ಕದ ಮನೆ ಗೋಡೆಗೆ ಗೋಡೆ ತಾಗಿ ನಿಂತಿತು, ಮೇಲೆ ಮಲಗುವ ರೂಢಿ ಹೋಯಿತು. ಬಿಸಿ ತಡೆಯುವುದೂ ಹೋಯಿತು, ಬಿಸಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಹೋಯಿತು.

ಪತ್ರಾಸ್ ಶೆಡ್ಡಿನದು ಇನ್ನೂ ಬೇರೆ. ಮಧ್ಯಾಹ್ನ ತಗಡಿನ ಮೈ 60 ಡಿಗ್ರಿ ದಾಟುತ್ತದೆ, ಬಿಸಿ ಕೆಳಗಿಳಿಯಲು ನಿಮಿಷಗಳೂ ಬೇಡ. ಆದರೆ ಸೂರ್ಯ ಮುಳುಗಿದ ಗಂಟೆಯೊಳಗೆ ತಗಡು ತಣ್ಣಗಾಗುತ್ತದೆ. ಹೀಗಾಗಿ ಶೆಡ್ಡಿನಲ್ಲಿರುವವರ ಅಪಾಯ ಹಗಲಿನದು: ಬಾಣಂತಿ, ಕೂಸು, ಹಾಸಿಗೆ ಹಿಡಿದ ಮುದುಕರು. ಸ್ಲ್ಯಾಬಿನಲ್ಲಿರುವವರ ಅಪಾಯ ರಾತ್ರಿಯದು. ಆಶಾ ಕಾರ್ಯಕರ್ತೆಯರು ಯಾವ ಮನೆಗೆ ಯಾವ ಹೊತ್ತಿಗೆ ಹೋಗಿ ನೋಡಬೇಕೆಂಬುದನ್ನು ಚಾವಣಿ ನೋಡಿಯೇ ನಿರ್ಧರಿಸಬಹುದು.

ಚಾವಣಿಗೆ ಬಿಳಿ ಬಳಿಯುವುದು ಅಗ್ಗದ ಮದ್ದು. ಕಪ್ಪಿಟ್ಟ ಹಳೆಯ ಸ್ಲ್ಯಾಬ್ ಬಿಸಿಲಿನ ಮುಕ್ಕಾಲು ಪಾಲನ್ನು ಹೀರುತ್ತದೆ. ಹೊಸ ಬಿಳಿ ಬಣ್ಣ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿ ಇಳಿಯುತ್ತದೆ, ಮೇಲಂತಸ್ತಿಗೆ ಮಾತ್ರ. ಸುಣ್ಣ, ಬಿಳಿ ಸಿಮೆಂಟು, ಸ್ವಲ್ಪ ಅಂಟು ಸೇರಿಸಿ ತೆಳು ಅಂಬಲಿಯ ಹದಕ್ಕೆ ಕಲಸಿ ಎರಡು ಕೈ ಹೊಡೆದರೆ ಸಾಕು. ಕೆಡುವುದು ಎಲ್ಲಿ ಎಂದರೆ, ಧೂಳು ಗುಡಿಸದೆ ಮೇಲೇ ಬಳಿಯುತ್ತಾರೆ. ಉರಿಬಿಸಿಲಲ್ಲಿ ಬಳಿದು ಅದು ಪಟಪಟ ಒಣಗಿ ವಾರದಲ್ಲಿ ಪುಡಿಯಾಗಿ ಹಾರುತ್ತದೆ. ಸುಣ್ಣಕ್ಕೂ ಸಿಮೆಂಟಿಗೂ ನಿಧಾನವಾಗಿ ಗಟ್ಟಿಯಾಗುವ ಹೊತ್ತು ಬೇಕು. ಸ್ಲ್ಯಾಬನ್ನು ಉಜ್ಜಿ ತೊಳೆದು, ಒದ್ದೆ ಇರುವಾಗಲೇ ಸಂಜೆ ಬಳಿದು, ಮುಂದಿನ ಎರಡು ದಿನ ಬೆಳಿಗ್ಗೆ-ಸಂಜೆ ನೀರು ಚಿಮುಕಿಸಬೇಕು. ಮಾರ್ಚ್ ಮೊದಲ ವಾರದೊಳಗೆ ಮುಗಿಸಬೇಕು. ವಿಜಯಪುರದ ಧೂಳು ಎರಡು ತಿಂಗಳಲ್ಲಿ ಬಿಳಿಯನ್ನು ಮಬ್ಬು ಮಾಡುತ್ತದೆ. ಏಪ್ರಿಲ್ ಕೊನೆಗೆ ಒಮ್ಮೆ ಪೊರಕೆಯಾಡಿಸದಿದ್ದರೆ ಅರ್ಧ ಫಲ ಹೋಯಿತು. ಮಳೆನೀರು ಹಿಡಿಯುವ ಮನೆಯಾದರೆ ಮೊದಲ ಎರಡು-ಮೂರು ಮಳೆಯ ನೀರು ಹೊರಗೆ ಬಿಡಬೇಕು.

ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಅಲ್ಲಿ ಬಿಳಿ ಅಕ್ರಿಲಿಕ್ ಬಣ್ಣವೇ ಬೇಕು. ಅದಕ್ಕಿಂತ ಮುಖ್ಯ, ತಗಡಿನ ಕೆಳಗೆ ಆರು ಇಂಚು ಬಿಟ್ಟು ಬಿದಿರಿನ ಚಾಪೆಯ ಒಳಚಾವಣಿ ಕಟ್ಟಿ, ಆ ಸಂದಿಯ ಎರಡೂ ತುದಿ ಗಾಳಿಗೆ ತೆರೆದಿರುವಂತೆ ನೋಡಿಕೊಳ್ಳುವುದು. ಥರ್ಮಾಕೋಲ್ ಹಾಳೆ ಹಾಕುವವರಿದ್ದಾರೆ. ಒಲೆ ಉರಿಯುವ ಶೆಡ್ಡಿನಲ್ಲಿ ಅದು ಬೆಂಕಿಗೆ ಆಹ್ವಾನ.

ಫ್ಯಾನು-ಕೂಲರಿನ ಬಗ್ಗೆ ಒಂದು ಮಾತು. ಕೋಣೆಯ ಗಾಳಿ 40 ದಾಟಿದ್ದರೆ ಫ್ಯಾನು ಕುಲುಮೆಯ ತಿದಿಯಂತೆ ಮೈಗೆ ಬಿಸಿಯನ್ನೇ ಊದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫ್ಯಾನನ್ನು 40ರ ಕೆಳಗೆ ಮಾತ್ರ ಬಳಸಲು ಹೇಳುವುದು ಇದಕ್ಕೇ. ಒದ್ದೆ ಬಟ್ಟೆ ಮೈಮೇಲೆ ಹೊದ್ದರೆ ಅದೇ ಫ್ಯಾನು ತಂಪು ಕೊಡುತ್ತದೆ. ಕೂಲರ್ ಈ ಊರಿಗೆ ಹೇಳಿ ಮಾಡಿಸಿದ್ದು: 41 ಡಿಗ್ರಿ, ಶೇ 20 ತೇವಾಂಶದ ಗಾಳಿಯನ್ನು ಸಾಧಾರಣ ಕೂಲರ್ 29ರ ಹತ್ತಿರಕ್ಕೆ ತರುತ್ತದೆ. ಆದರೆ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಅರ್ಧ ಗಂಟೆಯಲ್ಲಿ ಕೋಣೆ ಕರಾವಳಿಯಾಗುತ್ತದೆ. ಕೂಲರಿನ ಎದುರು ಬದಿಯ ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. ಜೂನ್‌ನಲ್ಲಿ ಅದೇ ಕೂಲರ್ 34ನ್ನು 30ಕ್ಕೆ ಇಳಿಸಿ ತೇವ ತುಂಬುತ್ತದೆ, ಬೆವರು ಆರುವುದಿಲ್ಲ. ಮಳೆ ಶುರುವಾದ ಮೇಲೆ ಪಂಪು ನಿಲ್ಲಿಸಿ ಬರೀ ಗಾಳಿ ಬಿಡುವುದೇ ಸರಿ.

ಯಾರ ಮೈ ಮೊದಲು ಸೋಲುತ್ತದೆ

ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಶುರುವಾಗುವುದನ್ನು, ಅದರಲ್ಲಿ ಉಪ್ಪು ಕಡಿಮೆಯಾಗುವುದನ್ನು ದೇಹ ಕಲಿಯುತ್ತದೆ. ಹಾಗಾಗಿ ಬಿಸಿಲಲ್ಲಿ ಕುಸಿಯುವವರು ಹೆಚ್ಚಾಗಿ ಕೆಲಸಕ್ಕೆ ಸೇರಿದ ಮೊದಲ ನಾಲ್ಕೈದು ದಿನದವರು. ಹೊಸಬನಿಗೆ ಮೊದಲ ದಿನ ಐದನೇ ಒಂದು ಪಾಲು ಬಿಸಿಲಿನ ಕೆಲಸ, ಆಮೇಲೆ ದಿನಕ್ಕೆ ಐದನೇ ಒಂದು ಪಾಲು ಏರಿಸುವುದು ಔದ್ಯೋಗಿಕ ಆರೋಗ್ಯದವರು ಒಪ್ಪಿದ ಕ್ರಮ. ನಮ್ಮ ಗುತ್ತಿಗೆಯಲ್ಲಿ ನಡೆಯುವುದು ತದ್ವಿರುದ್ಧ: ಹೊಸ ಆಳಿಗೆ ಮೊದಲ ದಿನವೇ ಭಾರದ ಕೆಲಸ. ಗೋವೆ, ಪುಣೆ, ಬೆಂಗಳೂರಿನಿಂದ ಊರಿಗೆ ಬಂದು ಮರುದಿನವೇ ಗಾರೆ ಕೆಲಸಕ್ಕೆ ಇಳಿದವನೂ ಈ ಲೆಕ್ಕದಲ್ಲಿ ಹೊಸಬನೇ. ಹವೆ ಬದಲಾಗುತ್ತ ಮಾರ್ಚ್‌ನಲ್ಲೇ ಬಿಸಿಲು ಏರಿದರೆ ಇಡೀ ಊರೇ ಹೊಸಬನಂತಾಗುತ್ತದೆ.

ನೀರು ಕುಡಿಯಿರಿ ಎಂಬ ಸಲಹೆ ಎಲ್ಲರಿಗೂ ಗೊತ್ತು. ಎಷ್ಟು, ಹೇಗೆ ಎಂಬುದು ಗೊತ್ತಿಲ್ಲ. ಬಿಸಿಲಲ್ಲಿ ದುಡಿಯುವವರಿಗೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಕುಸಿದು, ಅದೂ ಚಕ್ಕರ್ ಬರಿಸುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನುಚ್ಚು-ಮಜ್ಜಿಗೆಯನ್ನು ಮೀರಿಸುವ ಪಾನೀಯ ಅಂಗಡಿಯಲ್ಲಿಲ್ಲ. ಓಆರ್‌ಎಸ್ ಬೇಕಾದರೆ ಪೊಟ್ಟಣದ 20.5 ಗ್ರಾಂ ಪೂರ್ತಿ ಒಂದು ಲೀಟರಿಗೇ ಹಾಕಬೇಕು. ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯ. ಓಆರ್‌ಎಸ್ ಎಂದು ಬರೆದ ಸಕ್ಕರೆ ನೀರಿನ ಡಬ್ಬಿಗಳ ಹೆಸರಿನಿಂದ ಆ ಪದ ತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಬೇಕಾಯಿತು ಎಂಬುದು ಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಹೇಳುತ್ತದೆ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆಯಿಂದ ಕೆಡುಕೇನೂ ಇಲ್ಲ. ಅದೇ ಉಳ್ಳಾಗಡ್ಡಿಯನ್ನು ರೊಟ್ಟಿ-ಮೊಸರಿನ ಜೊತೆ ಹೊಟ್ಟೆಗೆ ಹಾಕಿದರೆ ಲಾಭ ಜಾಸ್ತಿ.

ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಹೆಂಗಸರು ನೀರು ಕುಡಿಯದಿರುವುದು ತಿಳಿಯದೆ ಅಲ್ಲ. ಬೆಳಿಗ್ಗೆ ಆರರಿಂದ ಸಂಜೆವರೆಗೆ ಹೋಗಲು ಶೌಚಾಲಯವಿಲ್ಲ ಎಂದು ತಿಳಿದೇ ಕುಡಿಯುವುದಿಲ್ಲ. ಮೂತ್ರದ ಸೋಂಕು, ಮೂತ್ರಪಿಂಡದ ಹರಳು ಬೇಸಿಗೆಯಲ್ಲಿ ಏರುವುದಕ್ಕೆ ಇದೂ ಒಂದು ಕಾರಣ. ನಾಲ್ಕು ಅರವಟಿಗೆಗಳ ಜೊತೆ ನೀರಿರುವ, ಚಿಲಕವಿರುವ ಒಂದು ಶೌಚಾಲಯ ಕಟ್ಟದಿದ್ದರೆ ಅರವಟಿಗೆ ಗಂಡಸರಿಗೆ ಮಾತ್ರ.

ಮಾತ್ರೆ ನುಂಗುವವರ ಗುಂಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನೀರು-ಉಪ್ಪು ಕಳೆಯುತ್ತದೆ. ಹೃದಯದ ಬಡಿತ ತಗ್ಗಿಸುವ ಮಾತ್ರೆ ಚರ್ಮಕ್ಕೆ ರಕ್ತ ಹರಿಯುವುದಕ್ಕೆ ಅಡ್ಡಿ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಅಲರ್ಜಿಯ ಹಳೆಯ ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ತಾವೇ ನಿಲ್ಲಿಸುವುದು ಇನ್ನೂ ಅಪಾಯ. ಫೆಬ್ರುವರಿಯ ತಪಾಸಣೆಯಲ್ಲಿ ‘ಬೇಸಿಗೆಗೆ ಡೋಸ್ ಬದಲಿಸಬೇಕೇ’ ಎಂದು ವೈದ್ಯರನ್ನು ಕೇಳಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಬಳಕೆಯಲ್ಲಿರುವ ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಣ್ಣ ಗಡಿಗೆಯಲ್ಲಿಟ್ಟು, ಅದನ್ನು ಒದ್ದೆ ಮರಳು ತುಂಬಿದ ದೊಡ್ಡ ಗಡಿಗೆಯಲ್ಲಿಟ್ಟರೆ ಒಣ ಬೇಸಿಗೆಯಲ್ಲಿ ಹೊರಗಿನ ಝಳದಿಂದ ಕಾಪಾಡಬಹುದು. ಮರಳಿಗೆ ದಿನಕ್ಕೆ ಎರಡು ಸಲ ನೀರು.

ಮೊದಲು ತಂಪು, ಆಮೇಲೆ ಗಾಡಿ

ಬಿಸಿಲಲ್ಲಿದ್ದವನು ಬಡಬಡಿಸತೊಡಗಿದರೆ, ಹೆಜ್ಜೆ ತಪ್ಪಿದರೆ, ಪಿಟ್ಸ್ ಬಂದರೆ, ಕರೆದರೆ ಓಗೊಡದಿದ್ದರೆ ಅದು ಸುಸ್ತಲ್ಲ, ಉಷ್ಣಾಘಾತ. ಒಳಮೈ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿದೆ ಎಂದೇ ತಿಳಿಯಬೇಕು. ಚರ್ಮ ಒಣಗಿರಲೇಬೇಕೆಂದಿಲ್ಲ, ದುಡಿಯುವವರಲ್ಲಿ ಬೆವರು ಸುರಿಯುತ್ತಿರುವಾಗಲೇ ಇದು ಬರುತ್ತದೆ. ಈ ಹಂತದಲ್ಲಿ ಮಿದುಳು, ಯಕೃತ್ತು, ಮೂತ್ರಪಿಂಡಗಳಿಗೆ ಆಗುವ ಹಾನಿ ಎಷ್ಟು ಬಿಸಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಬಿಸಿ ಎನ್ನುವುದರ ಮೇಲೆ ನಿಂತಿದೆ. ಮೊದಲ ಅರ್ಧ ಗಂಟೆಯಲ್ಲಿ 39ರ ಕೆಳಗೆ ತಂದರೆ ಬಹುತೇಕರು ಉಳಿಯುತ್ತಾರೆ.

ಆ ಅರ್ಧ ಗಂಟೆ ಸಾಮಾನ್ಯವಾಗಿ ಎಲ್ಲಿ ಹೋಗುತ್ತದೆ? ಆಟೋ ಹುಡುಕುವುದರಲ್ಲಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, 108ಕ್ಕೆ ಫೋನ್ ಮಾಡಿ, ಅದು ಬರುವವರೆಗೆ ನೀರು ಸುರಿಯುತ್ತಲೇ ಇರಬೇಕು. ಅತ್ಯುತ್ತಮ ಉಪಾಯಕ್ಕೆ ಬೇಕಾದದ್ದು ಎಪಿಎಂಸಿಯಲ್ಲಿ ಆಗಲೇ ಇದೆ: ಒಂದು ತಾಡಪತ್ರಿ. ಅದರ ಮೇಲೆ ರೋಗಿಯನ್ನು ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ದೋಣಿಯಂತೆ ಹಿಡಿದು, ನೂರು ಲೀಟರ್‌ನಷ್ಟು ತಣ್ಣೀರು, ಜೊತೆಗೆ ಸಿಕ್ಕಷ್ಟು ಐಸು ಸುರಿದು, ನೀರು ಮೈಮೇಲೆ ಹರಿದಾಡುವಂತೆ ಅತ್ತಿತ್ತ ತೂಗಬೇಕು. ತಲೆ ನೀರಿನಿಂದ ಮೇಲಿರುವಂತೆ ಒಬ್ಬರು ಹಿಡಿದಿರಬೇಕು. ಹೀಗೆ ಮಾಡಿದರೆ ಮೈಬಿಸಿ ಹತ್ತು ನಿಮಿಷಕ್ಕೆ ಒಂದೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಒದ್ದೆ ಮಾಡಿ ಗಾಳಿ ಬೀಸುವುದೂ ಒಣ ಏಪ್ರಿಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಜೂನ್‌ನಲ್ಲಿ ನೆಚ್ಚುವಂತಿಲ್ಲ. 38.5ಕ್ಕೆ ಬಂದಾಗ ನಿಲ್ಲಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು: ಜ್ವರದಲ್ಲಿ ಮಿದುಳೇ ಬಿಸಿಯ ಮಟ್ಟ ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ, ಉಷ್ಣಾಘಾತದಲ್ಲಿ ಬಿಸಿ ಹೊರಗಿನಿಂದ ನುಗ್ಗಿದ್ದು, ಇಲ್ಲವೇ ದುಡಿಮೆಯಿಂದ ಮೈಯಲ್ಲೇ ಹುಟ್ಟಿದ್ದು.

ಆಸ್ಪತ್ರೆಯಲ್ಲಿ ‘ಉಷ್ಣಾಘಾತದ ಹಾಸಿಗೆ ಮೀಸಲು’ ಎಂಬ ಫಲಕ ಇದ್ದರೆ ಸಾಲದು. ಅದರ ಪಕ್ಕದಲ್ಲಿ ಗುದದ್ವಾರದಲ್ಲಿಟ್ಟು ಅಳೆಯುವ ಥರ್ಮಾಮೀಟರ್ ಇದೆಯೇ, ಐಸ್ ಎಲ್ಲಿಂದ ಎಷ್ಟು ನಿಮಿಷದಲ್ಲಿ ಬರುತ್ತದೆ ಎಂದು ಕೇಳಬೇಕು. ಕಂಕುಳು ಅಥವಾ ಹಣೆಯ ಥರ್ಮಾಮೀಟರ್ ಇಂಥ ರೋಗಿಯಲ್ಲಿ ಒಂದೆರಡು ಡಿಗ್ರಿ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಹರವಿಯ ಇನ್ನೊಂದು ಮುಖ

ನಳ ದಿನಾ ಬರದ ಊರಿನಲ್ಲಿ ಬೇಸಿಗೆ ಎಂದರೆ ತುಂಬಿಡುವ ಕಾಲ. ಹಂಡೆ, ಬ್ಯಾರಲ್, ಸಿಂಟೆಕ್ಸ್, ಸಿಮೆಂಟಿನ ತೊಟ್ಟಿ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದಾಗ, ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಿಡಿಯಲು ಮನೆಮನೆಯಲ್ಲಿ ಬ್ಯಾರಲ್ ಹೆಚ್ಚಾದವು. 2024ರ ಮಳೆಗಾಲದಲ್ಲಿ ಡೆಂಗಿ ಏರಿ, ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಎರಡರ ನಡುವೆ ಬೇರೆ ಕಾರಣಗಳೂ ಇವೆ, ಆದರೆ ಸಂಗ್ರಹದ ನೀರನ್ನು ಬಿಟ್ಟು ಈ ಕಥೆ ಹೇಳಲಾಗದು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೊರಗಿನ 42 ಡಿಗ್ರಿ ತಾಗುವುದೇ ಇಲ್ಲ. ಅದು ಬಚ್ಚಲುಮನೆಯ ನೆರಳಿನಲ್ಲಿ, 30 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಡೆಂಗಿ ವೈರಾಣು ಸೊಳ್ಳೆಯ ಹೊಟ್ಟೆ ಸೇರಿ ಕಚ್ಚಿ ಹರಡುವ ಸ್ಥಿತಿಗೆ ಬರಲು 25 ಡಿಗ್ರಿಯಲ್ಲಿ ಸರಾಸರಿ 15 ದಿನ, 30 ಡಿಗ್ರಿಯಲ್ಲಿ ಆರೂವರೆ ದಿನ. ಸೊಳ್ಳೆ ಬದುಕುವುದೇ ಎರಡು-ಮೂರು ವಾರ. ಐದು ಡಿಗ್ರಿಯ ವ್ಯತ್ಯಾಸ ಅಷ್ಟು ದೊಡ್ಡದು.

ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚನೆಯ ನೀರಿನಲ್ಲಿ ಏಳೆಂಟು ದಿನ. ವಾರಕ್ಕೊಮ್ಮೆ ಖಾಲಿ ಮಾಡಿ ಎಂಬ ನಿಯಮ ಬಂದದ್ದು ಇಲ್ಲಿಂದ. ಬರೀ ಖಾಲಿ ಮಾಡಿದರೆ ಮಾತ್ರ ಪ್ರಯೋಜನವಿಲ್ಲ. ಮೊಟ್ಟೆ ಇರುವುದು ನೀರಿನಲ್ಲಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದು, ಮತ್ತೆ ನೀರು ಮುಟ್ಟಿದ ಕೂಡಲೇ ಒಡೆಯುತ್ತದೆ. ಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಲೇಬೇಕು. ಕೂಲರಿನ ತಟ್ಟೆ ಇದರ ದೊಡ್ಡ ತವರು: ಜೂನ್‌ನಲ್ಲಿ ಪಂಪು ನಿಲ್ಲಿಸಿದವರು ತಳದ ನೀರು ಚೆಲ್ಲದೆ ಮೂಲೆಗೆ ಸರಿಸಿಬಿಡುತ್ತಾರೆ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಯ ಬಾಯಿಗೆ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಹಗ್ಗದಿಂದ ಬಿಗಿದು ಕಟ್ಟಬಹುದು. ಬಟ್ಟೆ ಜೋತು ನೀರಿಗೆ ತಾಗಿದರೆ ಮೊಟ್ಟೆಗೆ ಅದೇ ಜಾಗ. ಸೊಳ್ಳೆಯ ಮರಿಹುಳು ಕೊಲ್ಲಲು ಆರೋಗ್ಯ ಸಿಬ್ಬಂದಿ ಹಾಕುವ ಟೆಮಿಫಾಸ್ ಎಂಬ ಔಷಧ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಕುಡಿಯುವ ನೀರಿಗೂ ಒಪ್ಪಿತ. ಆದರೆ ವಾಸನೆಗೆ ಹೇಸಿ ಅವರು ಹೋದ ಕೂಡಲೇ ನೀರು ಚೆಲ್ಲಿ ಹೊಸದು ತುಂಬಿದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು.

2024ರ ನಿಯಮದಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ಸಿಕ್ಕ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಾಮಗಾರಿಯ ಜಾಗಕ್ಕೆ 2,000 ರೂಪಾಯಿ ದಂಡ. ಎರಡನೆಯದು ಸರಿ. ನಳ ಬರದ ಕಾರಣಕ್ಕೆ ನೀರು ತುಂಬಿಟ್ಟವಳಿಗೆ ಹಾಕುವ ಮೊದಲನೆಯದು, ನೀರು ಕೊಡಬೇಕಾದವರ ತಪ್ಪಿಗೆ ಹಾಕಿದ ದಂಡ. ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ 24 ಗಂಟೆ ನೀರು ಬಂದಿತ್ತು. ಸದಾ ಒತ್ತಡವಿರುವ ಪೈಪಿಗೆ ಇನ್ನೊಂದು ಲಾಭ: ನೀರು ನಿಂತಾಗ ಖಾಲಿ ಪೈಪು ಬಿರುಕಿನಿಂದ ಗಟಾರದ ನೀರು ಹೀರುವುದು ತಪ್ಪುತ್ತದೆ. ಬೇಸಿಗೆಯ ಕೊನೆಗೆ ಬರುವ ವಾಂತಿ-ಭೇದಿ, ಕಾಮಾಲೆಗಳ ಬೇರು ಹೆಚ್ಚಾಗಿ ಅಲ್ಲಿದೆ.

ಬರೆಯದ ಸಾವು

ಇಷ್ಟೆಲ್ಲ ಆದರೂ ವಿಜಯಪುರದಲ್ಲಿ ಬಿಸಿಲು ಎಷ್ಟು ಜನರನ್ನು ಕೊಲ್ಲುತ್ತದೆ ಎಂಬ ಲೆಕ್ಕ ತೆಗೆಯಲು ಹೊಸ ಸಮೀಕ್ಷೆ ಬೇಕಿಲ್ಲ. ಮಹಾನಗರ ಪಾಲಿಕೆಯ ಮರಣ ನೋಂದಣಿ ಸಾಕು. ಮಾರ್ಚ್‌ನಿಂದ ಜೂನ್‌ವರೆಗಿನ ದಿನದಿನದ ಸಾವು, ಹತ್ತು ವರ್ಷದ್ದು. ಕೋವಿಡ್ ಇದ್ದ 2020, 2021 ಬಿಡಬೇಕು. ಸುತ್ತಲಿನ ತಾಲ್ಲೂಕುಗಳಿಂದ ದೊಡ್ಡಾಸ್ಪತ್ರೆಗೆ ಬಂದು ಸತ್ತವರನ್ನು ವಿಳಾಸ ನೋಡಿ ಬೇರ್ಪಡಿಸಬೇಕು. ಪಕ್ಕದಲ್ಲಿ ಆ ದಿನದ ಗರಿಷ್ಠ, ಕನಿಷ್ಠ, ತೇವಾಂಶ. ಜೊತೆಗೆ ಹಿಂದಿನ ಮೂರು ದಿನದ್ದೂ. ಒಂದು ತೊಡಕಿದೆ. 2011ರ ಜನಗಣತಿಯಲ್ಲೇ ಮೂರೂಕಾಲು ಲಕ್ಷ ದಾಟಿದ್ದ ಈ ಊರಿನಲ್ಲಿ ದಿನಕ್ಕೆ ಆರೇಳು ಸಾವು ಸಹಜ, ಒಂದು ಹೆಚ್ಚಾದರೆ ಅದು ಬಿಸಿಲೋ ಆಕಸ್ಮಿಕವೋ ಹೇಳಲಾಗದು. ಹಾಗಾಗಿ ದಿನದ ಬದಲು ವಾರದ ಮೊತ್ತ ನೋಡಬೇಕು, ವರ್ಷಗಳು ಹೆಚ್ಚಿರಬೇಕು, ಬಾಗಲಕೋಟೆಯಂಥ ಇದೇ ಹವೆಯ ಊರಿನ ಲೆಕ್ಕವನ್ನೂ ಕೂಡಿಸಬೇಕು. ಯಾವ ರಾತ್ರಿಯ ಉಷ್ಣಾಂಶದಿಂದ ಸಾವಿನ ಗೆರೆ ಮೇಲೇಳುತ್ತದೆ ಎಂದು ಆಗ ಕಾಣುತ್ತದೆ. ಈ ಊರಿನ ಎಚ್ಚರಿಕೆ ಮಟ್ಟ ಅಲ್ಲಿರಬೇಕು.

ಸಾವಿನ ಕಾರಣ ಬರೆಯುವ ನಮೂನೆ 4ರಲ್ಲಿ ಎರಡು ಭಾಗ. ಮೊದಲನೆಯದು ಸಾವಿಗೆ ಒಯ್ದ ಕಾರಣಗಳ ಸರಣಿ, ಎರಡನೆಯದು ಜೊತೆಗಿದ್ದ ಇತರ ಸ್ಥಿತಿಗಳು. ಮೇ ತಿಂಗಳ ರಾತ್ರಿ ಸ್ಲ್ಯಾಬಿನ ಕೋಣೆಯಿಂದ ತಂದ ಎಪ್ಪತ್ತರ ಮುದುಕಿಯ ಹೆಸರಿನ ಮುಂದೆ ಮೊದಲ ಭಾಗದಲ್ಲಿ ‘ಹೃದಯಾಘಾತ’ ಎಂದಿರುತ್ತದೆ, ಸುಳ್ಳೇನಲ್ಲ. ಎರಡನೆಯ ಭಾಗ ಖಾಲಿ. ಅಲ್ಲಿ ಬರೆಯಬೇಕಾದರೆ ಬಂದ ಐದು ನಿಮಿಷದೊಳಗೆ ಯಾರಾದರೂ ಒಳಮೈಯ ಬಿಸಿ ಅಳೆದಿರಬೇಕು, ಎಂಥ ಕೋಣೆಯಲ್ಲಿ ಮಲಗಿದ್ದಳೆಂದು ಮಗನನ್ನು ಕೇಳಿರಬೇಕು.